ವ್ಯಾಪಕ ಓದು ಮತ್ತು ಪದಸಂಪತ್ತು: ಜಪಾನೀ ಭಾಷಿಕರ ಇಂಗ್ಲಿಶ್ ಕಲಿಕೆಯನ್ನು ಕುರಿತು

ಅನ್ಯಭಾಷೆಯೊಂದರ ಪದಗಳು ಕಲಿಯುವವನಿಗೆ ಎಲ್ಲಿಂದ ಒದಗುತ್ತವೆ? ನಿಘಂಟು ಮತ್ತು ಪದಪಟ್ಟಿಗಳಿಂದ ಎಂಬುದು ಒಂದು ಉತ್ತರ. ಬಹಳವಾಗಿ ಓದುವುದರಿಂದ ತಾವಾಗಿಯೇ ಬರುತ್ತವೆ ಎಂಬುದು ಇನ್ನೊಂದು. ಈ ಎರಡು ಉತ್ತರಗಳ ನಡುವಣ ವಾಗ್ವಾದವು ಜಪಾನಿನಲ್ಲಿ ನಡೆದಷ್ಟು ದೀರ್ಘವಾಗಿ, ಅಷ್ಟು ಸ್ಪಷ್ಟವಾಗಿ ನಡೆದ ದೇಶಗಳು ವಿರಳ. ಜಪಾನೀ ಭಾಷೆಗೂ ಇಂಗ್ಲಿಶಿಗೂ ವಂಶದಲ್ಲಾಗಲಿ ವಾಕ್ಯರಚನೆಯಲ್ಲಾಗಲಿ ಸಂಬಂಧವಿಲ್ಲ. ವಸಾಹತು ಆಳ್ವಿಕೆಯ ಮೂಲಕ ಇಂಗ್ಲಿಶ್ ಅಲ್ಲಿ ಬೇರೂರಿದ್ದೂ ಅಲ್ಲ. ಆದ್ದರಿಂದ ಬಹುಪಾಲು ಜಪಾನೀಯರಿಗೆ ಇಂಗ್ಲಿಶ್ ಎಂದರೆ ಮುದ್ರಿತ ಪುಟದ ಮೇಲಿನ ಭಾಷೆ. ಆ ಪುಟವನ್ನು ಹೇಗೆ ಓದಬೇಕು ಎಂಬುದೇ ಅಲ್ಲಿ ಭಾಷಾಕಲಿಕೆಯ ಮೂಲಪ್ರಶ್ನೆಯಾಯಿತು. ಈ ಪ್ರಶ್ನೆಯ ಇತಿಹಾಸ, ವ್ಯಾಪಕ ಓದಿನಿಂದ ಪದ ಮತ್ತು ಬಳಕೆ ದಕ್ಕುವ ಬಗೆ, ಅದರ ಮಿತಿ ಇವುಗಳನ್ನು ಪರಿಶೀಲಿಸಿ, ಕನ್ನಡ ಬೋಧನೆಗೆ ಅದರಿಂದ ದೊರೆಯಬಹುದಾದ ತಿಳಿವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಿಮ್ಮರಳಿ ಓದುವ ಪರಂಪರೆ

ಜಪಾನೀಯರು ಅನ್ಯಭಾಷೆಯ ಗ್ರಂಥಗಳನ್ನು ಓದಲು ಕಲಿತದ್ದು ಇಂಗ್ಲಿಶಿನಿಂದಲ್ಲ, ಪ್ರಾಚೀನ ಚೀನೀ ಭಾಷೆಯಿಂದ. ಚೀನೀ ವಾಕ್ಯದಲ್ಲಿ ಕ್ರಿಯಾಪದದ ನಂತರ ಕರ್ಮ ಬರುತ್ತದೆ. ಜಪಾನೀ ವಾಕ್ಯದಲ್ಲಿ ಕನ್ನಡದಂತೆಯೇ ಕರ್ಮ ಮೊದಲು, ಕ್ರಿಯಾಪದ ಕೊನೆಗೆ. ಈ ವ್ಯತ್ಯಾಸವನ್ನು ನಿವಾರಿಸಲು ಅಲ್ಲಿನ ವಿದ್ವಾಂಸರು ಚೀನೀ ಪಾಠದ ಅಂಚಿನಲ್ಲಿ ಸಣ್ಣ ಗುರುತುಗಳನ್ನೂ ಅಂಕೆಗಳನ್ನೂ ಹಾಕಿ, ಯಾವ ಪದವನ್ನು ಮೊದಲು ಓದಬೇಕು, ಎಲ್ಲಿಂದ ಎಲ್ಲಿಗೆ ಹಿಂದಿರುಗಬೇಕು ಎಂಬುದನ್ನು ಸೂಚಿಸಿದರು. ಈ ಕ್ರಮಕ್ಕೆ 'ಕುಂದೋಕು' ಎಂದು ಹೆಸರು. ಓದುಗನ ಕಣ್ಣ ಮುಂದಿರುವುದು ಚೀನೀ ಪಾಠ, ಬಾಯಿಂದ ಹೊರಡುವುದು ಜಪಾನೀ ವಾಕ್ಯ. ಓದು ಮತ್ತು ಅನುವಾದ ಇಲ್ಲಿ ಒಂದೇ ಕ್ರಿಯೆ.

ಮೇಯ್ಜಿ ಯುಗದಲ್ಲಿ (1868-1912) ಇಂಗ್ಲಿಶ್ ಕಲಿಕೆ ವ್ಯಾಪಕವಾದಾಗ ಇದೇ ಕ್ರಮವು ಇಂಗ್ಲಿಶಿಗೂ ಅನ್ವಯವಾಯಿತು. ಅಂದಿನ ಸ್ವಯಂಬೋಧಕ ಪುಸ್ತಕಗಳಲ್ಲಿ ಇಂಗ್ಲಿಶ್ ಪದಗಳ ಬದಿಯಲ್ಲಿ ಜಪಾನೀ ಅರ್ಥವನ್ನೂ ಜಪಾನೀ ಪದಕ್ರಮವನ್ನು ತೋರಿಸುವ ಅಂಕೆಗಳನ್ನೂ ಮುದ್ರಿಸಲಾಗುತ್ತಿತ್ತು. ಇದರಿಂದ ಬೆಳೆದ ಬೋಧನಾಕ್ರಮವೇ 'ಯಾಕುದೋಕು', ಅಂದರೆ ಅನುವಾದಿಸಿ ಓದುವುದು.

ಈ ಕ್ರಮದ ಸ್ವರೂಪವನ್ನು ಕನ್ನಡಿಗರು ಸುಲಭವಾಗಿ ಊಹಿಸಿಕೊಳ್ಳಬಹುದು. 'ದ ಮ್ಯಾನ್ ಹೂ ಕೇಮ್ ಯೆಸ್ಟರ್ಡೇ' ಎಂಬ ಪದಪುಂಜವನ್ನು ಜಪಾನೀಯಲ್ಲಿ 'ಕಿನೋ ಕಿತ ಹಿತೊ' ಎನ್ನುತ್ತಾರೆ. 'ಕಿನೋ' ಎಂದರೆ ನಿನ್ನೆ, 'ಕಿತ' ಎಂದರೆ ಬಂದ, 'ಹಿತೊ' ಎಂದರೆ ಮನುಷ್ಯ. ಕನ್ನಡದ 'ನಿನ್ನೆ ಬಂದ ಮನುಷ್ಯ' ಎಂಬುದಕ್ಕೂ ಇದಕ್ಕೂ ಪದಕ್ರಮದಲ್ಲಿ ಕೂದಲೆಳೆಯ ಅಂತರವೂ ಇಲ್ಲ. ಎರಡು ಭಾಷೆಗಳಲ್ಲಿಯೂ ವಿಶೇಷಣ ವಾಕ್ಯಾಂಶವು ನಾಮಪದದ ಹಿಂದೆ ಬರುತ್ತದೆ, ಸಂಬಂಧಾರ್ಥಕ ಸರ್ವನಾಮದ ಅಗತ್ಯ ಬೀಳುವುದಿಲ್ಲ. ಇಂಗ್ಲಿಶಿನಲ್ಲಿ ಇದು ತಲೆಕೆಳಗು. ಆದ್ದರಿಂದ ಅನುವಾದಿಸಿ ಓದುವವನು ವಾಕ್ಯದ ಕೊನೆಯವರೆಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬರಬೇಕು. ಪ್ರತಿ ವಾಕ್ಯದಲ್ಲಿಯೂ ಹೀಗೆ ಹೋಗಿ ಬರುವವನಿಗೆ ಒಂದು ತಾಸಿನಲ್ಲಿ ಒಂದೆರಡು ಪುಟಗಳಿಗಿಂತ ಹೆಚ್ಚು ಸಾಗುವುದು ಕಷ್ಟ. ಪದಗಳ ಪುನರಾವರ್ತನೆ ಓದಿನ ಪ್ರಮಾಣವನ್ನು ಅವಲಂಬಿಸಿರುವುದರಿಂದ, ಹೀಗೆ ಓದುವವನಿಗೆ ಒಮ್ಮೆ ಕಂಡ ಪದ ಮತ್ತೆ ಕಾಣುವ ಹೊತ್ತಿಗೆ ಮರೆತುಹೋಗಿರುತ್ತದೆ.

2. ಊಹೆಯ ಮಾರ್ಗ: ಒಂದು ಹಳೆಯ ನಿದರ್ಶನ

ಸಂದರ್ಭದಿಂದ ಪದಾರ್ಥವನ್ನು ಊಹಿಸುವ ಮಾರ್ಗವೂ ಜಪಾನಿಗೆ ಹೊಸದಲ್ಲ. 1771ರಲ್ಲಿ ಸುಗಿತಾ ಗೆಂಪಾಕು, ಮಾಯೆನೊ ರ್ಯೋತಾಕು ಮೊದಲಾದ ವೈದ್ಯರು ಶವಚ್ಛೇದನವೊಂದನ್ನು ಕಂಡು, ತಮ್ಮಲ್ಲಿದ್ದ ಡಚ್ ಶರೀರಶಾಸ್ತ್ರ ಗ್ರಂಥದ ಚಿತ್ರಗಳು ಎಷ್ಟು ನಿಖರವೆಂಬುದನ್ನು ಮನಗಂಡರು. ಸಮರ್ಪಕವಾದ ನಿಘಂಟು ಇಲ್ಲದೆಯೇ ಆ ಗ್ರಂಥವನ್ನು ಅನುವಾದಿಸಲು ತೊಡಗಿ 1774ರಲ್ಲಿ 'ಕಾಯ್ತಾಯ್ ಶಿನ್ಶೊ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಸುಗಿತಾ ತನ್ನ ಇಳಿವಯಸ್ಸಿನಲ್ಲಿ, 1815ರಲ್ಲಿ, ಬರೆದು ಮುಗಿಸಿದ ನೆನಪುಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಮೂಗು ಮುಖದ ನಡುವೆ 'ಫುರುಹೆಫ್ಫೆಂದೊ' ಆಗಿರುವ ವಸ್ತು ಎಂಬ ವಾಕ್ಯದಲ್ಲಿನ ಆ ಪದ ಅವರಿಗೆ ತಿಳಿಯಲಿಲ್ಲ. ಬೇರೊಂದು ಪುಸ್ತಕದಲ್ಲಿ ಅದೇ ಪದ ಎರಡು ಕಡೆ ಸಿಕ್ಕಿತು: ಮರದ ಕೊಂಬೆ ಕಡಿದ ಜಾಗ 'ಫುರುಹೆಫ್ಫೆಂದೊ' ಆಗುತ್ತದೆ, ಅಂಗಳ ಗುಡಿಸಿದಾಗ ಕಸ 'ಫುರುಹೆಫ್ಫೆಂದೊ' ಆಗುತ್ತದೆ. ಕಡಿದ ಕೊಂಬೆಯ ಗಾಯ ಮಾಗಿದಾಗ ಉಬ್ಬುತ್ತದೆ, ಗುಡಿಸಿದ ಕಸ ಗುಪ್ಪೆಯಾಗುತ್ತದೆ, ಮೂಗೂ ಮುಖದಲ್ಲಿ ಎದ್ದು ನಿಂತಿದೆ. ಹೀಗೆ 'ಉಬ್ಬಿ ನಿಲ್ಲು' ಎಂಬ ಅರ್ಥ ಹೊಳೆದು ಅವರು ಹಿಗ್ಗಿದರು.

ಡಚ್ ಮೂಲದ ಆ ಭಾಗದಲ್ಲಿ ಈ ಪದವೇ ಇಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ವೃದ್ಧನ ನೆನಪು ಪ್ರಸಂಗವನ್ನು ಸ್ವಲ್ಪ ಬದಲಿಸಿರಬಹುದು. ಆದರೂ ಪದವೊಂದರ ಅರ್ಥವು ಒಂದೇ ಸಂದರ್ಭದಿಂದಲ್ಲ, ಹಲವು ಸಂದರ್ಭಗಳ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ ಎಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ತಿಳಿಯದ ಪದಗಳಿಗೆ ವೃತ್ತದೊಳಗೆ ಶಿಲುಬೆಯಾಕಾರದ ಗುರುತು ಹಾಕಿ, ಎಂದಾದರೂ ತಿಳಿದೀತೆಂದು ಮುಂದೆ ಸಾಗುತ್ತಿದ್ದರೆಂದೂ ಸುಗಿತಾ ಹೇಳುತ್ತಾನೆ. ತಿಳಿಯದುದನ್ನು ಬಿಟ್ಟು ಮುಂದೆ ಹೋಗುವುದು, ಆದರೆ ಬಿಟ್ಟದ್ದನ್ನು ಮರೆಯದಿರುವುದು: ಇವೆರಡೂ ಆ ಗುರುತಿನಲ್ಲಿ ಸೇರಿವೆ. ಈ ನೆನಪುಗಳನ್ನು 1869ರಲ್ಲಿ ಮುದ್ರಣಕ್ಕೆ ತಂದವನು ಫುಕುಜಾವಾ ಯುಕಿಚಿ. ಅವನು 1859ರಲ್ಲಿ ಯೊಕೊಹಾಮಾ ಬಂದರಿಗೆ ಹೋಗಿ, ತಾನು ವರ್ಷಗಟ್ಟಲೆ ಕಲಿತ ಡಚ್ ಭಾಷೆಯಿಂದ ಅಲ್ಲಿನ ಅಂಗಡಿಗಳ ಫಲಕವನ್ನೂ ಓದಲಾಗದೆ, ಇಂಗ್ಲಿಶನ್ನು ಮೊದಲಿನಿಂದ ಕಲಿಯಲು ನಿರ್ಧರಿಸಿದವನು.

3. ನತ್ಸುಮೆ ಸೋಸೆಕಿಯ ಅವಲೋಕನ

ಜಪಾನಿನ ಹೆಸರಾಂತ ಕಾದಂಬರಿಕಾರ ನತ್ಸುಮೆ ಸೋಸೆಕಿ (1867-1916) ವೃತ್ತಿಯಿಂದ ಇಂಗ್ಲಿಶ್ ಅಧ್ಯಾಪಕನಾಗಿದ್ದ. 1900ರಿಂದ 1902ರವರೆಗೆ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನಲ್ಲಿದ್ದು, ಬಹುಪಾಲು ಕಾಲವನ್ನು ತನ್ನ ಕೋಣೆಯಲ್ಲಿ ಪುಸ್ತಕಗಳ ನಡುವೆ ಕಳೆದ. ಇಂಗ್ಲಿಶ್ ಕಲಿಯುವ ಯುವಕರು ಒಂದು ಹಂತ ಮುಟ್ಟಿದ ಮೇಲೆ ನಿಘಂಟನ್ನು ಪಕ್ಕಕ್ಕಿಟ್ಟು ಬಹಳಷ್ಟು ಇಂಗ್ಲಿಶ್ ಪುಸ್ತಕಗಳನ್ನು ಓದಬೇಕೆಂಬುದು ಅವನ ಸಲಹೆಯಾಗಿತ್ತು. ಈ ಸಲಹೆಯಲ್ಲಿ 'ಒಂದು ಹಂತ ಮುಟ್ಟಿದ ಮೇಲೆ' ಎಂಬ ಷರತ್ತನ್ನು ಮರೆಯಬಾರದು.

1911ರಲ್ಲಿ ಭಾಷಾಕಲಿಕೆಯನ್ನು ಕುರಿತು ಪ್ರಕಟವಾದ ಅವನ ಲೇಖನದ ವಿಚಾರ ಇನ್ನೂ ಮಹತ್ವದ್ದು. ವಿದ್ಯಾರ್ಥಿಗಳ ಇಂಗ್ಲಿಶ್ ಸಾಮರ್ಥ್ಯ ಕುಸಿದಿದೆ ಎಂಬ ದೂರಿಗೆ ಅವನು ಕೊಟ್ಟ ಕಾರಣ ಸರಳವಾಗಿತ್ತು. ತನ್ನ ಪೀಳಿಗೆಯವರು ಭೂಗೋಳ, ಇತಿಹಾಸ, ಗಣಿತ, ಸಸ್ಯ ಪ್ರಾಣಿಶಾಸ್ತ್ರಗಳನ್ನೆಲ್ಲ ಇಂಗ್ಲಿಶ್ ಪುಸ್ತಕಗಳಿಂದಲೇ ಕಲಿಯಬೇಕಾಗಿತ್ತು. ಆದ್ದರಿಂದ ಬೇಕೆನ್ನಲಿ ಬೇಡವೆನ್ನಲಿ ಸಾವಿರಾರು ಪುಟ ಓದಿದರು. ಜಪಾನೀ ಭಾಷೆಯಲ್ಲಿಯೇ ಶಿಕ್ಷಣ ನಡೆಯತೊಡಗಿದ ಮೇಲೆ ಆ ಓದು ನಿಂತಿತು, ಇಂಗ್ಲಿಶ್ ಕುಗ್ಗಿತು. ಸೋಸೆಕಿ ಇದನ್ನು ಅವನತಿಯೆಂದು ಕರೆಯಲಿಲ್ಲ. ಸ್ವತಂತ್ರ ದೇಶವೊಂದರ ಶಿಕ್ಷಣವು ಸರಿಯಾದ ದಿಕ್ಕಿನಲ್ಲಿ ಬೆಳೆದುದರ ಸಹಜ ಫಲ ಎಂದೇ ಭಾವಿಸಿದ. ಇಲ್ಲಿ ಎರಡು ಸಂಗತಿಗಳು ಬೇರೆಬೇರೆಯಾಗಿ ಕಾಣುತ್ತವೆ. ಭಾಷೆ ದಕ್ಕುವುದು ಓದಿನ ಮೊತ್ತದಿಂದ ಎಂಬುದು ಒಂದು. ಆ ಮೊತ್ತವನ್ನು ಗಳಿಸಲು ಶಿಕ್ಷಣದ ಮಾಧ್ಯಮವನ್ನೇ ಅನ್ಯಭಾಷೆಗೆ ಒಪ್ಪಿಸಬೇಕಾಗಿಲ್ಲ ಎಂಬುದು ಇನ್ನೊಂದು. ಮಾಧ್ಯಮದ ಚರ್ಚೆಯಲ್ಲಿ ಇವೆರಡನ್ನೂ ಬೆರೆಸಿ ಮಾತನಾಡುವ ಅಭ್ಯಾಸ ಕರ್ನಾಟಕಕ್ಕೂ ಅಪರಿಚಿತವಲ್ಲ.

ತನ್ನ 'ಬುಂಗಕುರೊನ್' (1907) ಎಂಬ ಸಾಹಿತ್ಯತತ್ತ್ವ ಗ್ರಂಥದ ಮುನ್ನುಡಿಯಲ್ಲಿ ಸೋಸೆಕಿ ಮತ್ತೊಂದು ಇಕ್ಕಟ್ಟನ್ನು ತೋಡಿಕೊಂಡಿದ್ದಾನೆ. ಚೀನೀ ಮತ್ತು ಇಂಗ್ಲಿಶ್ ಭಾಷೆಗಳಲ್ಲಿ ತನಗಿರುವ ಜ್ಞಾನ ಹೆಚ್ಚುಕಡಿಮೆ ಸಮಾನವಾಗಿದ್ದರೂ ಚೀನೀ ಸಾಹಿತ್ಯ ಕೊಟ್ಟ ರುಚಿಯನ್ನು ಇಂಗ್ಲಿಶ್ ಸಾಹಿತ್ಯ ಕೊಡಲಿಲ್ಲವೆಂದೂ, ಅದರಿಂದ ವಂಚಿತನಾದಂತಹ ಭಾವನೆ ತನ್ನಲ್ಲಿ ಉಳಿಯಿತೆಂದೂ ಅವನ ಮಾತಿನ ಸಾರ. ಪದಸಂಪತ್ತು ಎಷ್ಟೇ ಬೆಳೆದರೂ ರಸಾಸ್ವಾದ ತಾನಾಗಿ ಬರುವುದಿಲ್ಲ ಎಂಬ ಈ ಅನುಭವವನ್ನು ವ್ಯಾಪಕ ಓದಿನ ಪ್ರತಿಪಾದಕರು ಗಮನದಲ್ಲಿಡಬೇಕು.

4. ಪಾಮರ್, ವೆಸ್ಟ್, ಹಾರ್ನ್‌ಬಿ: ಪದಗಳನ್ನು ಎಣಿಸಿದವರು

ಸೋಸೆಕಿಯ ಷರತ್ತು ಒಂದು ಪ್ರಾಯೋಗಿಕ ಪ್ರಶ್ನೆಯನ್ನು ಉಳಿಸಿತು. ಆ ಹಂತವನ್ನು ಮುಟ್ಟದವನು ಏನನ್ನು ಓದಬೇಕು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಹೆರಾಲ್ಡ್ ಪಾಮರ್ ಮುಖ್ಯನು. ಸೂಕ್ಷ್ಮವಾದ ಓದು ಮತ್ತು ವ್ಯಾಪಕವಾದ ಓದು ಎಂಬ ಭೇದವನ್ನು ತನ್ನ 1921ರ ಗ್ರಂಥದಲ್ಲಿ ಚರ್ಚಿಸಿದ್ದ ಪಾಮರ್, 1922ರಲ್ಲಿ ಜಪಾನಿನ ಶಿಕ್ಷಣ ಇಲಾಖೆಯ ಭಾಷಾ ಸಲಹೆಗಾರನಾಗಿ ಟೋಕಿಯೊಗೆ ಬಂದ. 1923ರಲ್ಲಿ ಇಂಗ್ಲಿಶ್ ಬೋಧನೆಯ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿ, 1936ರವರೆಗೆ ಅಲ್ಲಿದ್ದು, ಕಲಿಯುವವರಿಗೆ ಅವಶ್ಯವಾದ ಪದಗಳ ಆಯ್ಕೆಯಲ್ಲಿ ತೊಡಗಿದ.

ಅದೇ ಕಾಲದಲ್ಲಿ ಢಾಕಾದಲ್ಲಿ ಮೈಕೇಲ್ ವೆಸ್ಟ್ ಬಂಗಾಳಿ ಮಕ್ಕಳ ಇಂಗ್ಲಿಶ್ ಓದನ್ನು ಅಧ್ಯಯನ ಮಾಡುತ್ತಿದ್ದ. ಪಠ್ಯಪುಸ್ತಕಗಳಲ್ಲಿ ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳುವುದರಿಂದಲೇ ಮಕ್ಕಳು ಓದಲಾರರು ಎಂಬುದನ್ನು ಕಂಡುಕೊಂಡ ಅವನು, ಅಪರೂಪದ ಪದಗಳ ಬದಲು ಸಾಮಾನ್ಯ ಪದಗಳನ್ನು ಬಳಸಿ, ಹೊಸ ಪದಗಳನ್ನು ಅಂತರವಿಟ್ಟು ಪರಿಚಯಿಸುವ ಪುಸ್ತಕಗಳನ್ನು ರಚಿಸಿದ. ದ್ವಿಭಾಷಿಕತೆಯನ್ನು ಕುರಿತ ಅವನ ವರದಿ 1926ರಲ್ಲಿ ಪ್ರಕಟವಾಯಿತು. ಪಾಮರ್, ವೆಸ್ಟ್ ಮತ್ತು ಲಾರೆನ್ಸ್ ಫಾಸೆಟ್ ಸೇರಿ ಸಿದ್ಧಪಡಿಸಿದ ಪದ ಆಯ್ಕೆಯ ಮಧ್ಯಂತರ ವರದಿ 1936ರಲ್ಲಿ ಹೊರಬಂದಿತು. ಅದರ ಮುಂದುವರಿಕೆಯಾಗಿ ಸುಮಾರು 2000 ಮುಖ್ಯ ಪದಗಳ ಸಾಮಾನ್ಯ ಬಳಕೆಯ ಪಟ್ಟಿಯನ್ನು ವೆಸ್ಟ್ 1953ರಲ್ಲಿ ಪ್ರಕಟಿಸಿದ. ಇಂದು ಜಪಾನೀ ವಿದ್ಯಾರ್ಥಿಗಳು ಓದುವ ಶ್ರೇಣೀಕೃತ ಪುಸ್ತಕಗಳ ಮೂಲವನ್ನು ಹುಡುಕಿದರೆ ಅದರ ಒಂದು ಕವಲು ಬಂಗಾಳದ ಶಾಲಾಕೋಣೆಗೆ ಹೋಗಿ ಮುಟ್ಟುತ್ತದೆ.

ಪಾಮರನ ಸಹೋದ್ಯೋಗಿಯಾದ ಎ.ಎಸ್. ಹಾರ್ನ್‌ಬಿ ಜಪಾನೀ ಕಲಿಕಾರ್ಥಿಗಳ ತೊಡಕುಗಳನ್ನು ಕಣ್ಣಾರೆ ಕಂಡು ರೂಪಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು. ಪದದ ಅರ್ಥದ ಜೊತೆಗೆ, ಅದು ಯಾವ ವಾಕ್ಯರಚನೆಯಲ್ಲಿ ಬರುತ್ತದೆ, ಯಾವ ಪದದ ಜೊತೆ ಕೂಡುತ್ತದೆ ಎಂಬುದನ್ನೂ ಅದು ತಿಳಿಸುತ್ತಿತ್ತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ಕರ್ನಾಟಕದ ಕಾಲೇಜು ಗ್ರಂಥಾಲಯಗಳಲ್ಲಿ ಚಿರಪರಿಚಿತವಾದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು ಹೀಗೆ ಜಪಾನೀ ಕಲಿಕಾರ್ಥಿಗಳ ಅಗತ್ಯದಿಂದ ಹುಟ್ಟಿದ್ದು.

5. ತದೋಕು: ದಶಲಕ್ಷ ಪದಗಳ ಓದು

ವ್ಯಾಪಕ ಓದಿಗೆ ಜಪಾನೀಯಲ್ಲಿ 'ತದೋಕು' ಎಂದು ಹೆಸರು. 1989ರಲ್ಲಿ ಥಾಮಸ್ ರಾಬ್ ಮತ್ತು ಬರ್ನಾರ್ಡ್ ಸಸ್ಸರ್ ಕ್ಯೋಟೊದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಪಕವಾಗಿ ಓದಿದವರು ಓದಿನ ಕೌಶಲಗಳನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡಿದವರಿಗಿಂತ ಹಿಂದೆ ಬೀಳಲಿಲ್ಲ. 1997ರಲ್ಲಿ ಬೆನಿಕೊ ಮೇಸನ್ ಮತ್ತು ಸ್ಟೀಫನ್ ಕ್ರಾಶೆನ್ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಶಿನಲ್ಲಿ ಅನುತ್ತೀರ್ಣರಾಗಿ ಮತ್ತೆ ತರಗತಿಗೆ ಬಂದಿದ್ದ ವಿದ್ಯಾರ್ಥಿಗಳು ಸರಳ ಪುಸ್ತಕಗಳನ್ನು ಧಾರಾಳವಾಗಿ ಓದಿ ಸಾಂಪ್ರದಾಯಿಕ ತರಗತಿಯವರಿಗಿಂತ ಹೆಚ್ಚಿನ ಪ್ರಗತಿ ತೋರಿದರು. 2002ರಲ್ಲಿ ಸಕಾಯಿ ಕುನಿಹಿದೆಯ ಪುಸ್ತಕವು ದಶಲಕ್ಷ ಪದಗಳ ಓದಿನ ಗುರಿಯನ್ನು ಜನಪ್ರಿಯಗೊಳಿಸಿತು. ಅವನ ಸೂತ್ರಗಳು ಮೂರು: ನಿಘಂಟು ತೆರೆಯಬಾರದು, ತಿಳಿಯದುದನ್ನು ಬಿಟ್ಟು ಮುಂದೆ ಸಾಗಬೇಕು, ರುಚಿಸದ ಪುಸ್ತಕವನ್ನು ನಿಲ್ಲಿಸಬೇಕು. ಅತಿ ಸುಲಭವಾದ ಚಿತ್ರಪುಸ್ತಕಗಳಿಂದ ಓದನ್ನು ಆರಂಭಿಸಬೇಕು.

ದಶಲಕ್ಷವೆಂಬುದು ಬರಿಯ ಆಕರ್ಷಕ ಸಂಖ್ಯೆಯೇ? ಸರಳ ಲೆಕ್ಕವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಲಕ್ಷ ಪದಗಳಿಗೆ ಒಮ್ಮೆ ಬರುವ ಪದವೊಂದು ದಶಲಕ್ಷ ಪದಗಳ ಓದಿನಲ್ಲಿ ಸರಾಸರಿ ಹತ್ತು ಬಾರಿ ಎದುರಾಗುತ್ತದೆ. ನಿಮಿಷಕ್ಕೆ 100 ಪದಗಳ ವೇಗದಲ್ಲಿ ದಿನಕ್ಕೆ ಅರ್ಧ ತಾಸು ಓದಿದರೆ ದಶಲಕ್ಷ ಪದಗಳಿಗೆ ಬೇಕಾಗುವುದು 333 ದಿನಗಳು, ಹತ್ತಿರಹತ್ತಿರ ಒಂದು ವರ್ಷ. ದುಡಿಯುವವರಿಗೂ ವಿದ್ಯಾರ್ಥಿಗಳಿಗೂ ಇದು ಸಾಧ್ಯವಾದ ಗುರಿ. ಆದರೆ ಆ ವೇಗ ಬರಬೇಕಾದರೆ ಪುಟದಲ್ಲಿ ಅಪರಿಚಿತ ಪದಗಳು ತೀರ ಕಡಿಮೆಯಿರಬೇಕು. ಹು ಮತ್ತು ನೇಶನ್ 2000ದಲ್ಲಿ ತೋರಿಸಿದಂತೆ, ಕಥೆಯನ್ನು ನೆರವಿಲ್ಲದೆ ಗ್ರಹಿಸಲು ಪಠ್ಯದ ಸುಮಾರು ನೂರಕ್ಕೆ 98ರಷ್ಟು ಪದಗಳು ಪರಿಚಿತವಾಗಿರಬೇಕು. ಅಂದರೆ 300 ಪದಗಳ ಪುಟದಲ್ಲಿ ಅಪರಿಚಿತ ಪದಗಳು ಆರನ್ನು ಮೀರಬಾರದು. ಮೂಲ ಇಂಗ್ಲಿಶ್ ಕಾದಂಬರಿಗಳಲ್ಲಿ ಈ ಮಟ್ಟ ಮುಟ್ಟಲು 8000ದಿಂದ 9000 ಪದಕುಟುಂಬಗಳ ಪರಿಚಯ ಬೇಕೆಂದು ಪಾಲ್ ನೇಶನ್ 2006ರಲ್ಲಿ ಲೆಕ್ಕ ಹಾಕಿದ. ಶ್ರೇಣೀಕೃತ ಪುಸ್ತಕಗಳು ತುಂಬುವುದು ಈ ಕಂದರವನ್ನೇ. ಆಕ್ಸ್‌ಫರ್ಡಿನ ಪ್ರಸಿದ್ಧ ಮಾಲೆಯೊಂದರಲ್ಲಿ ಮೊದಲ ಹಂತಕ್ಕೆ 400 ಮುಖ್ಯಪದಗಳು, ಆರನೆಯ ಹಂತಕ್ಕೆ 2500. ಅಲ್ಲಿಂದ ಮೂಲ ಕಾದಂಬರಿಗೆ ಇರುವ ಅಂತರ ಮಾತ್ರ ಇನ್ನೂ ದೊಡ್ಡದು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

6. ಮಿತಿಗಳು

ಓದಿದ ಮಾತ್ರಕ್ಕೆ ಪದ ನೆಲೆಗೊಳ್ಳುತ್ತದೆಯೇ? ರಾಬ್ ವೇರಿಂಗ್ ಮತ್ತು ಮಿಸಾಕೊ ತಕಾಕಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾದುದು. ಹದಿನೈದು ಮಂದಿ ಜಪಾನೀ ವಿದ್ಯಾರ್ಥಿನಿಯರಿಗೆ ಶ್ರೇಣೀಕೃತ ಪುಸ್ತಕವೊಂದನ್ನು ಕೊಟ್ಟು, ಅದರಲ್ಲಿನ 25 ಪರಿಚಿತ ಪದಗಳ ಸ್ಥಾನದಲ್ಲಿ ಕೃತಕ ಪದಗಳನ್ನು ಸೇರಿಸಲಾಗಿತ್ತು. ಓದು ಮುಗಿದೊಡನೆ, ಆಯ್ಕೆಗಳನ್ನು ಕೊಟ್ಟು ಕೇಳಿದಾಗ ಅವರು ಸರಾಸರಿ ಹತ್ತಕ್ಕಿಂತ ತುಸು ಹೆಚ್ಚು ಪದಗಳ ಅರ್ಥವನ್ನು ಗುರುತಿಸಿದರು. ಆಯ್ಕೆಗಳಿಲ್ಲದೆ ಅರ್ಥ ಬರೆಯಲು ಹೇಳಿದಾಗ ಐದನ್ನೂ ಮುಟ್ಟಲಿಲ್ಲ. ಮೂರು ತಿಂಗಳ ಬಳಿಕ ನೆನಪಿನಲ್ಲಿ ಉಳಿದದ್ದು ಸರಾಸರಿ ಒಂದು ಪದ. ಎಂಟಕ್ಕಿಂತ ಕಡಿಮೆ ಬಾರಿ ಎದುರಾದ ಪದಗಳ ಅರ್ಥ ಉಳಿಯಲೇ ಇಲ್ಲ.

ಈ ಫಲಿತಾಂಶವನ್ನು ವ್ಯಾಪಕ ಓದಿನ ಸೋಲೆಂದು ಓದುವುದು ತಪ್ಪು. ಒಂದು ಪುಸ್ತಕ ಸಾಲದು ಎಂಬುದನ್ನು ಅದು ತೋರಿಸುತ್ತದೆ. ಗುರುತಿಸುವ ಪದಗಳಿಗೂ ಬಳಸಬಲ್ಲ ಪದಗಳಿಗೂ ನಡುವೆ ಅಂತರವಿದೆ ಎಂಬುದನ್ನೂ ತೋರಿಸುತ್ತದೆ. ಓದಿನ ಮೊದಲ ಫಲ ಹೊಸ ಪದವಲ್ಲ. ಅರೆಬರೆ ತಿಳಿದ ಪದವು ಗಟ್ಟಿಯಾಗುವುದು. ಆದ್ದರಿಂದ ನಿಘಂಟನ್ನು ಎಂದೂ ತೆರೆಯಬಾರದೆಂಬ ಸೂತ್ರವನ್ನು ನಿರಪವಾದವಾಗಿ ಒಪ್ಪುವುದು ಕಷ್ಟ. ಓದುವಾಗ ತೆರೆಯದಿರುವುದು ಓದಿನ ಓಟವನ್ನು ಕಾಯುತ್ತದೆ. ಓದಿದ ಮೇಲೆ, ಮತ್ತೆ ಮತ್ತೆ ಕಂಡು ಕಾಡಿದ ಪದವನ್ನು ತೆರೆದು ನೋಡುವುದು ಊಹೆಯನ್ನು ದೃಢಪಡಿಸುತ್ತದೆ. ನೇಶನ್ 2007ರಲ್ಲಿ ಪ್ರತಿಪಾದಿಸಿದ ನಾಲ್ಕು ಎಳೆಗಳ ವಿಚಾರ ಈ ಸಮತೋಲನವನ್ನೇ ಬಯಸುತ್ತದೆ: ಅರ್ಥಕ್ಕಾಗಿ ಓದುವುದು ಮತ್ತು ಕೇಳುವುದು, ಅರ್ಥಕ್ಕಾಗಿ ಬರೆಯುವುದು ಮತ್ತು ಮಾತನಾಡುವುದು, ಭಾಷಾಂಶಗಳ ನೇರ ಅಭ್ಯಾಸ, ತಿಳಿದುದನ್ನು ಸರಾಗಗೊಳಿಸಿಕೊಳ್ಳುವುದು. ವ್ಯಾಪಕ ಓದು ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಪೋಷಿಸುತ್ತದೆ. ಉಳಿದವುಗಳ ಸ್ಥಾನವನ್ನು ತುಂಬಲಾರದು.

7. ಬಳಕೆಯ ಪ್ರಶ್ನೆ

ಪದದ ಅರ್ಥಕ್ಕಿಂತ ಪದದ ಬಳಕೆಯಲ್ಲಿ ವ್ಯಾಪಕ ಓದಿನ ಪ್ರಯೋಜನ ಹೆಚ್ಚು. ಜಪಾನೀ ಭಾಷಿಕರಿಗೆ ಇಲ್ಲಿ ಮೂರು ಬಗೆಯ ತೊಡಕುಗಳಿವೆ.

ಮೊದಲನೆಯದು ಎರವಲು ಪದಗಳದು. ಜಪಾನೀಯಲ್ಲಿ ಇಂಗ್ಲಿಶಿನಿಂದ ಬಂದ ಪದಗಳು ಹೇರಳ. ಆದರೆ ಅನೇಕವು ದಾರಿಯಲ್ಲಿ ಅರ್ಥ ಬದಲಿಸಿಕೊಂಡಿವೆ. 'ಮಾನ್ಶೊನ್' ಎಂದರೆ ಬಂಗಲೆಯಲ್ಲ, ಬಹುಮಹಡಿ ಕಟ್ಟಡದ ಮನೆ. 'ಕನ್ನಿಂಗು' ಎಂದರೆ ಪರೀಕ್ಷೆಯಲ್ಲಿ ನಕಲು ಮಾಡುವುದು. 'ಕುರೇಮು' ಎಂದರೆ ಗ್ರಾಹಕನ ದೂರು. 'ಸುಮಾತೊ' ಎಂಬುದು ಬಹುಮಟ್ಟಿಗೆ ತೆಳ್ಳಗಿನ ಮೈಕಟ್ಟನ್ನು ಹೇಳುತ್ತದೆ. ಕನ್ನಡದಲ್ಲಿ 'ಹೋಟೆಲ್' ಎಂದರೆ ಮೊದಲು ನೆನಪಾಗುವುದು ತಿಂಡಿ ಕಾಫಿ. ಇಂಗ್ಲಿಶಿನಲ್ಲಿ ಅದು ತಂಗುವ ಸ್ಥಳ. ಇಂತಹ ಪದಗಳನ್ನು ಕಲಿಯುವವನು ನಿಘಂಟಿನಲ್ಲಿ ಹುಡುಕುವುದೇ ಇಲ್ಲ, ಏಕೆಂದರೆ ಅವು ತನಗೆ ಗೊತ್ತೆಂದೇ ತಿಳಿದಿರುತ್ತಾನೆ. ಕಥೆಯ ಓಟದಲ್ಲಿ ಅರ್ಥ ಹೊಂದದೆ ಎಡವಿದಾಗಲೇ ಅವನಿಗೆ ಸಂಶಯ ಹುಟ್ಟುವುದು.

ಎರಡನೆಯದು ಪದಸಾಂಗತ್ಯದ್ದು. ಜಪಾನೀಯರು ಔಷಧಿಯನ್ನು, ಅದು ಮಾತ್ರೆಯಾದರೂ, 'ಕುಡಿಯುತ್ತಾರೆ' (ಕುಸುರಿ ಒ ನೊಮು). ಇಂಗ್ಲಿಶರು 'ಟೇಕ್' ಮಾಡುತ್ತಾರೆ. ಜಪಾನೀಯರು ಕನಸನ್ನು 'ನೋಡುತ್ತಾರೆ' (ಯುಮೆ ಒ ಮಿರು), ಕನ್ನಡಿಗರು 'ಕಾಣುತ್ತಾರೆ', ಇಂಗ್ಲಿಶಿನಲ್ಲಿ ಕನಸು 'ಹ್ಯಾವ್' ಆಗುತ್ತದೆ. ದಾರಿ ಹೇಳುವುದಕ್ಕೂ ಪಾಠ ಕಲಿಸುವುದಕ್ಕೂ ಜಪಾನೀಯಲ್ಲಿ 'ಓಷಿಯೆರು' ಎಂಬ ಒಂದೇ ಕ್ರಿಯಾಪದ ಬರುವುದರಿಂದ, ರೈಲು ನಿಲ್ದಾಣದ ದಾರಿಯನ್ನು 'ಟೀಚ್' ಮಾಡಿ ಎಂದು ಕೇಳುವ ತಪ್ಪು ಸಾಮಾನ್ಯ. ಕರೆದಾಗ ಜಪಾನೀಯನು 'ಈಗ ಹೋಗುತ್ತೇನೆ' ಎಂಬರ್ಥದ 'ಇಮಾ ಇಕಿಮಸು' ಎನ್ನುತ್ತಾನೆ; ಇಂಗ್ಲಿಶಿನವನು ಅಲ್ಲಿ 'ಕಮ್' ಧಾತುವನ್ನು ಬಳಸುತ್ತಾನೆ. ಕನ್ನಡಿಗನೂ 'ಬಂದೆ' ಎನ್ನುವುದರಿಂದ ಅವನಿಗೆ ಈ ತೊಡಕಿಲ್ಲ. ಇವುಗಳಿಗೆ ನಿಯಮ ಹೇಳುವುದು ದುಸ್ಸಾಧ್ಯ, ಪಟ್ಟಿ ಮಾಡಿದರೆ ಮುಗಿಯುವುದಿಲ್ಲ. ಸಹಜ ವಾಕ್ಯಗಳಲ್ಲಿ ನೂರಾರು ಬಾರಿ ಕಂಡು ಕಿವಿಗೆ ಒಗ್ಗಬೇಕಾದಂಥವು.

ಮೂರನೆಯದು ವ್ಯಾಕರಣಾಂಶಗಳದು. ಜಪಾನೀಯಲ್ಲಿ ಇಂಗ್ಲಿಶಿನ 'ಎ' ಮತ್ತು 'ದ' ಉಪಪದಗಳಿಗೆ ಸಮಾನವಾದುದಿಲ್ಲ, ಬಹುವಚನ ಕಡ್ಡಾಯವಲ್ಲ. ಇವು ಪುಟಪುಟದಲ್ಲಿಯೂ ಬಂದರೂ ಅರ್ಥಗ್ರಹಣಕ್ಕೆ ಅಡ್ಡಿ ಮಾಡದ ಕಾರಣ ಓದುಗನ ಕಣ್ಣು ಅವುಗಳನ್ನು ದಾಟಿ ಹೋಗುತ್ತದೆ. ಹವಾಯಿಯಲ್ಲಿ ನೆಲೆಸಿದ್ದ ಜಪಾನೀ ಕಲಾವಿದನೊಬ್ಬನನ್ನು ರಿಚರ್ಡ್ ಸ್ಮಿಟ್ ಹಲವು ವರ್ಷ ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆತನ ಸಂವಹನ ಸಾಮರ್ಥ್ಯ ಬಹಳ ಬೆಳೆದರೂ ವ್ಯಾಕರಣದ ನಿಖರತೆ ಅಷ್ಟಾಗಿ ಬೆಳೆಯಲಿಲ್ಲ. ಅದು ಮಾತಿನ ಮೂಲಕ ಕಲಿತವನ ವಿಷಯವಾದರೂ ಅದರ ಪಾಠ ಓದಿಗೂ ಸಲ್ಲುತ್ತದೆ. ಗಮನಿಸಿದ್ದು ಮಾತ್ರ ಕಲಿಕೆಯಾಗುತ್ತದೆ ಎಂಬ ವಾದವನ್ನು ಸ್ಮಿಟ್ 1990ರಲ್ಲಿ ಮಂಡಿಸಿದ. ಅನುವಾದಿಸಿ ಓದುವ ಹಳೆಯ ಕ್ರಮದ ಉಪಯೋಗ ಇಲ್ಲಿಯೇ ಇದೆ. ಒಂದು ಪ್ಯಾರಾವನ್ನು ಅಕ್ಷರಶಃ ಬಿಡಿಸಿ ನೋಡುವ ಅಭ್ಯಾಸವು, ವೇಗದ ಓದಿನಲ್ಲಿ ಕಣ್ತಪ್ಪುವುದನ್ನು ಕಣ್ಣಿಗೆ ತರುತ್ತದೆ.

8. ಕನ್ನಡ ಬೋಧನೆಯ ದೃಷ್ಟಿಯಿಂದ

ಯಾಕುದೋಕು ಕ್ರಮಕ್ಕೆ ಸಮೀಪದ ಕ್ರಮವೊಂದು ಕನ್ನಡ ತರಗತಿಯಲ್ಲಿದೆ. ಹಳಗನ್ನಡ ಕಾವ್ಯಪಾಠದಲ್ಲಿ ಪದವಿಭಾಗ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಎಂಬ ಮೆಟ್ಟಿಲುಗಳಿವೆ. ಪದ್ಯದ ಪದಕ್ರಮವನ್ನು ಬಿಚ್ಚಿ, ಗದ್ಯಕ್ರಮಕ್ಕೆ ತಂದು, ಹೊಸಗನ್ನಡಕ್ಕೆ ಅನುವಾದಿಸಲಾಗುತ್ತದೆ. ಈ ಕ್ರಮ ಪಾಠಶುದ್ಧಿಗೂ ಅರ್ಥನಿರ್ಣಯಕ್ಕೂ ಅನಿವಾರ್ಯ. ಆದರೆ ಹತ್ತಾರು ತಾಸುಗಳಲ್ಲಿ ಕೆಲವೇ ಪದ್ಯಗಳನ್ನು ಹೀಗೆ ಬಿಡಿಸಿದ ವಿದ್ಯಾರ್ಥಿಗೆ ಹಳಗನ್ನಡವು ಓದುವ ಭಾಷೆಯಾಗುವ ಮೊದಲೇ ಪರೀಕ್ಷೆ ಬರುತ್ತದೆ. ಒಂದು ಪ್ರತ್ಯಯವನ್ನು, ಒಂದು ಧಾತುವನ್ನು ನೂರು ಬಾರಿ ಕಾಣುವ ಅವಕಾಶ ಅವನಿಗೆ ಸಿಗುವುದೇ ಇಲ್ಲ. ಗಮಕ ವಾಚನವನ್ನು ಕೇಳುತ್ತ ಬಂದ ಹಳ್ಳಿಯ ಶ್ರೋತೃಗಳು ಪ್ರತಿಪದಾರ್ಥವಿಲ್ಲದೆಯೇ ಕುಮಾರವ್ಯಾಸನನ್ನು ಅನುಸರಿಸಬಲ್ಲವರಾದುದು ಈ ಪುನರಾವರ್ತನೆಯ ಬಲದಿಂದ. ಕಥೆ ಮೊದಲೇ ಗೊತ್ತಿರುವುದು, ಪ್ರಮಾಣ ಧಾರಾಳವಾಗಿರುವುದು, ತಿಳಿಯದ ಪದದಲ್ಲಿ ನಿಲ್ಲದಿರುವುದು: ತದೋಕುವಿನ ಲಕ್ಷಣಗಳೆಲ್ಲ ಆ ಪದ್ಧತಿಯಲ್ಲಿದ್ದವು. ಆದ್ದರಿಂದ ಆಯ್ದ ಪದ್ಯಗಳ ಸೂಕ್ಷ್ಮ ವ್ಯಾಖ್ಯಾನದ ಜೊತೆಗೆ, ಸರಳವಾದ ಹಳಗನ್ನಡ ಗದ್ಯಭಾಗಗಳನ್ನು ಅರ್ಥಕೋಶದ ನೆರವಿನೊಡನೆ ಉದ್ದಕ್ಕೂ ಓದಿಸುವ ಅವಕಾಶವನ್ನು ಪಠ್ಯಕ್ರಮದಲ್ಲಿ ಕಲ್ಪಿಸುವುದು ವಿಚಾರಾರ್ಹ.

ಇನ್ನೊಂದು ಕ್ಷೇತ್ರ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವವರದು. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ನಂತರ, ಮನೆಮಾತು ಕನ್ನಡವಲ್ಲದ ಮಕ್ಕಳೂ ಶಾಲೆಗಳಲ್ಲಿ ಕನ್ನಡವನ್ನು ಕಲಿಯಬೇಕಾಗಿದೆ. ಅಕ್ಷರಮಾಲೆ ಮತ್ತು ಪಠ್ಯಪುಸ್ತಕದ ಪಾಠಗಳಾದ ಮೇಲೆ ಅವರು ಓದಬೇಕಾದದ್ದು ಏನು? ಕನ್ನಡದಂತಹ ಪ್ರತ್ಯಯಪ್ರಧಾನ ಭಾಷೆಯಲ್ಲಿ ಪದಗಳ ಎಣಿಕೆಯಷ್ಟೇ ಸಾಲದು. 'ಮನೆಯಲ್ಲಿದ್ದವರಿಗೂ' ಎಂಬುದು ಒಂದು ಪದವೇ, ಹಲವು ಅಂಶಗಳೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಸಂಧಿ, ವಿಭಕ್ತಿ, ಕೃದಂತಗಳನ್ನು ಯಾವ ಅನುಕ್ರಮದಲ್ಲಿ ಪರಿಚಯಿಸಬೇಕು ಎಂಬುದನ್ನು ನಿರ್ಧರಿಸಬೇಕು. ವೆಸ್ಟ್ ಇಂಗ್ಲಿಶಿಗೆ ಮಾಡಿದ ಕೆಲಸ ಕನ್ನಡಕ್ಕೆ ನೇರವಾಗಿ ಒದಗುವುದಿಲ್ಲ. ಅದನ್ನು ಕನ್ನಡದ ಜಾಯಮಾನಕ್ಕೆ ತಕ್ಕಂತೆ ಹೊಸದಾಗಿ ಮಾಡಬೇಕು. ಭಾಷಾವಿಜ್ಞಾನಿಗಳು, ನಿಘಂಟುಕಾರರು ಮತ್ತು ಮಕ್ಕಳ ಸಾಹಿತಿಗಳು ಒಟ್ಟಿಗೆ ಕೂತು ಮಾಡಬೇಕಾದ ಕೆಲಸವಿದು.

ಒಟ್ಟಿನಲ್ಲಿ, ವ್ಯಾಪಕ ಓದು ಮತ್ತು ಸೂಕ್ಷ್ಮ ಓದು ಪರಸ್ಪರ ವಿರೋಧಿಗಳೆಂಬ ಭಾವನೆಯನ್ನು ಜಪಾನಿನ ಅನುಭವ ಬೆಂಬಲಿಸುವುದಿಲ್ಲ. ನಿಘಂಟನ್ನು ಪಕ್ಕಕ್ಕಿಡಲು ಹೇಳಿದ ಸೋಸೆಕಿಯೇ ಪುಸ್ತಕಗಳಿಂದ ರಾಶಿ ಟಿಪ್ಪಣಿಗಳನ್ನು ಬರೆದುಕೊಂಡವನು. ತಿಳಿಯದ ಪದವನ್ನು ದಾಟಿ ಹೋದ ಸುಗಿತಾ ಅದರ ಮೇಲೊಂದು ಗುರುತು ಹಾಕಿಯೇ ಹೋದವನು. ಓದಿನ ಮೊತ್ತ ಹೆಚ್ಚಿದಷ್ಟೂ ಆ ಗುರುತುಗಳು ಒಂದೊಂದಾಗಿ ಅಳಿಯುತ್ತವೆ. ಅಧ್ಯಾಪಕನ ಕರ್ತವ್ಯವು ಗುರುತುಗಳನ್ನೆಲ್ಲ ತಾನೇ ಅಳಿಸಿಕೊಡುವುದಲ್ಲ, ಅವು ಅಳಿಯುವಷ್ಟು ದೂರ ವಿದ್ಯಾರ್ಥಿಯು ಓದಿಕೊಂಡು ಹೋಗುವಂತೆ ದಾರಿಯನ್ನು ಸುಗಮಗೊಳಿಸುವುದು.